ಕೆಟ್ಟದ್ದನ್ನು ತಾನೇ ತೆಗೆಯುವ ಯಂತ್ರ

ಒಂದು ಸಂಖ್ಯೆ ತುಂಬುವ ಜಾಗ ಖಾಲಿ ಇತ್ತು. ಸಂಗನಬಸವನ ಆ ದಿನದ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

ಸಂಗನಬಸವ ಸಿಂಧನೂರಿನ ಗಂಗಾಧರೇಶ್ವರ ಲಾರಿ ಮಾಲೀಕರ ಸಂಘದಲ್ಲಿ ಹಂಗಾಮಿ ಕಂಪ್ಯೂಟರ್ ಆಪರೇಟರ್. ಹಂಗಾಮಿಯಾಗಿ ಏಳು ವರ್ಷ. ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಅವನ ಹೆಸರಿಗಿಂತ ‘ಹಂಗಾಮಿ’ ಎಂಬ ಪದವೇ ದಪ್ಪ ಅಕ್ಷರದಲ್ಲಿತ್ತು. ಗುರುಗುಂಟಾದ ಮದುವೆಯೊಂದರಲ್ಲಿ ಅವನ ಅತ್ತೆ ಜಂಬಮ್ಮ ನೆಂಟರಿಗೆಲ್ಲ, "ಇವ್ರು ನಮ್ಮ ಅಳಿಯ, ಸದ್ಯಕ್ಕ ಲಾರಿ ಆಫೀಸಿನ್ಯಾಗ ಅದಾರ" ಎಂದು ಪರಿಚಯ ಮಾಡಿಕೊಟ್ಟಿದ್ದಳು. ಆ ‘ಸದ್ಯಕ್ಕ’ ಎಂಬುದು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಅವತ್ತಿನಿಂದ ಸಂಗನಬಸವನನ್ನು ಕಾಡುತ್ತಿತ್ತು.

ಸಂಘದ ಹಿಂದಿನ ಕೋಣೆಯಲ್ಲಿ ಗೋದ್ರೇಜ್ ಬೀರುವಿನಷ್ಟು ದೊಡ್ಡದೊಂದು ಯುನಿಕ್ಸ್ ಸರ್ವರ್ ಇತ್ತು. ಹೈದರಾಬಾದಿನಲ್ಲಿ ಬಾಗಿಲು ಹಾಕಿದ ಯಾವುದೋ ಕಂಪನಿಯಿಂದ ತಂದ ಹಳೇ ಮಾಲು. ಅದರ ಹೊಟ್ಟೆಯಲ್ಲಿ ನಾಲ್ಕು ಪ್ರೊಸೆಸರುಗಳು. ಚಾಲಕರು ಅವನ್ನು ‘ನಾಕು ಇಂಜಿನ್ನು’ ಎನ್ನುತ್ತಿದ್ದರು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಕಡೆ ಯಾವ ಲಾರಿಗೆ ಯಾವ ಲೋಡು, ಯಾರ ಪಾಳಿ ಮೊದಲು, ಯಾರದು ಆಮೇಲೆ ಎಂದು ಹೇಳುವುದು ಆ ಯಂತ್ರವೇ. ಅದು ನಿಂತರೆ ಪಾಳಿ ಇಲ್ಲ. ಪಾಳಿ ಇಲ್ಲವೆಂದರೆ ಚಾಲಕರು ತೋಳೇರಿಸುತ್ತಾರೆ. ಹೋದ ತಿಂಗಳು ಎರಡು ಸಲ ನಿಂತಿತ್ತು. ಎರಡನೇ ಸಲ ಮಸ್ಕಿಯಲ್ಲಿ ಒಂದೇ ರಾಶಿ ಭತ್ತದ ಚೀಲಗಳನ್ನು ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಒಬ್ಬ ತಂತಮ್ಮ ಲಾರಿಗೆ ಏರಿಸಿಕೊಂಡು, ನಡುವೆ ಉಳಿದ ಒಂದೇ ಚೀಲಕ್ಕೆ ಇಬ್ಬರೂ ಕೈ ಹಾಕಿ, ಅದು ಹರಿದು, ಊರಿನ ಕೋಳಿಗಳಿಗೆಲ್ಲ ಹಬ್ಬವಾಗಿತ್ತು.

ಅದಕ್ಕೇ ಸಂಗನಬಸವ ಯಂತ್ರದ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಹದಿನೈದು ದಿನ ಕಣ್ಣಿಗೊತ್ತಿಕೊಂಡು ಓದಿದ್ದ. ಅದರಲ್ಲೊಂದು ಸೊಗಸಾದ ಸಂಗತಿ ಸಿಕ್ಕಿತ್ತು. ಕೆಡುತ್ತಿರುವ ಭಾಗ ಯಾವುದೆಂದು ಯಂತ್ರವೇ ಗುರುತಿಸಿ, ತಾನು ನಿಲ್ಲದೆ, ಆ ಭಾಗವನ್ನಷ್ಟೇ ಕೆಲಸದಿಂದ ಬಿಡಿಸಿ, ಉಳಿದವುಗಳಿಂದ ಕೆಲಸ ಸಾಗಿಸುವಂತೆ ಮಾಡಬಹುದು. ನಾಲ್ಕು ಸಾಲು ಬರೆದರೆ ಸಾಕು. ಆ ನಾಲ್ಕು ಸಾಲಿನಲ್ಲಿ ಒಂದು ಕಡೆ, ದಿನಕ್ಕೆ ಎಷ್ಟು ತಪ್ಪಿನ ಮೇಲೆ ಬಿಡಿಸಬೇಕು ಎಂಬ ಸಂಖ್ಯೆ ತುಂಬಬೇಕಿತ್ತು.

ಮುಂಜಾನೆ ಒಂಬತ್ತಕ್ಕೆ ಅವನು ಆ ಜಾಗಕ್ಕೆ ಬರುವುದಕ್ಕೂ ಸಂಘದ ಅಧ್ಯಕ್ಷ ಬಸವಂತರಾಯರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬೆನ್ನ ಹಿಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಏನ್ ಕೇಳಾಕತ್ತೈತೋ ಅದು?"

"ಒಂದು ಭಾಗ ಎಷ್ಟು ತಪ್ಪು ಮಾಡೋತನಕ ತಾಳ್ಕೋಬೇಕು ಅಂತ ಕೇಳಾಕತ್ತೈತ್ರಿ ಸಾಹುಕಾರ್ರ. ಪುಸ್ತಕದಾಗ ಇಪ್ಪತ್ನಾಕು ಅಂತ ಐತಿ."

"ಇಪ್ಪತ್ನಾಕು! ಇಪ್ಪತ್ನಾಕು ತಪ್ಪು ಮಾಡಿದ ಆಳನ್ನ ಯಾವ ಧಣಿ ಇಟ್ಕೋತಾನೋ? ಮೂರು ಹಾಕು."

"ಮೂರು ಭಾಳ ಬಿಗಿ ಆಕ್ಕೈತ್ರಿ. ಸಣ್ಣಪುಟ್ಟ ತಪ್ಪು ಯಂತ್ರ ತಾನ ತಿದ್ಕೋತೈತಿ. ಅವೂ ಲೆಕ್ಕಕ್ಕ ಬರ್ತಾವ."

"ನಮ್ಮ ಸಂಘದ ಕಾನೂನು ಏನೋ? ಮೂರು ಸಲ ನಡುದಾರ್ಯಾಗ ಕೈಕೊಟ್ಟ ಲಾರಿ ಪಾಳಿಯಿಂದ ಹೊರಗ. ಲಾರಿಗೊಂದು ಕಾನೂನು, ಈ ಡಬ್ಬಿಗೊಂದು ಕಾನೂನೇನು? ಹಾಕು ಮೂರು."

ಆ ಕಾನೂನು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಇದ್ದದ್ದು ನಿಜ. ಆದರೆ ಹದಿನೈದು ವರ್ಷದಲ್ಲಿ ಒಂದೇ ಒಂದು ಲಾರಿಯನ್ನೂ ಯಾರೂ ಪಾಳಿಯಿಂದ ತೆಗೆದಿರಲಿಲ್ಲ. ಕೆಟ್ಟ ಲಾರಿಯೆಲ್ಲ ಒಂದೋ ಬಸವಂತರಾಯರ ಬೀಗರದು, ಇಲ್ಲವೇ ಬೀಗರ ಬೀಗರದು. ತಮ್ಮಿಂದ ಆಗದ್ದನ್ನು ಯಂತ್ರವಾದರೂ ಮಾಡಲಿ ಎಂಬ ಆಸೆ ಅವರಿಗೆ ಇದ್ದಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಸಂಗನಬಸವ ಮೂರು ಎಂದು ಬರೆದು, ಪಾಳಿ ಶುರುವಾಗುವ ಮೊದಲೇ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಿದ. ಮುಂದಿನ ಸಾಲನ್ನು ಯಂತ್ರ ತಾನೇ ತುಂಬಿಕೊಂಡಿತ್ತು. ಒಂದನೇ ಪ್ರೊಸೆಸರ್ ಯಂತ್ರವನ್ನು ಎಬ್ಬಿಸುವಂಥದ್ದು, ಉಳಿದವುಗಳ ತಪ್ಪು ಎಣಿಸುವುದೂ ಅದೇ. ಆದ್ದರಿಂದ ಅದನ್ನು ಎಂದೂ ತೆಗೆಯಲು ಬರುವುದಿಲ್ಲ.

"ಬರೋಬ್ಬರಿ," ಎಂದರು ಬಸವಂತರಾಯರು. "ಮನಿಗೊಬ್ಬರು ಹಿರ್ಯಾರು ಇರಬೇಕು." ಹೋಗುವಾಗ ಹೊಸ್ತಿಲ ಮೇಲೆ ನಿಂತು ಹೇಳಿದರು. "ಐದಕ್ಕ ಕಮಿಟಿ ಐತಿ. ಅಲ್ಲೀತನಕ ಈ ಡಬ್ಬಿ ಒಂದು ಸಲನೂ ನಿಲ್ಲಲಿಲ್ಲಂದ್ರ ನಿನ್ನ ಕಾಯಂ ಮಾಡೋ ಜವಾಬ್ದಾರಿ ನಂದು. ನಿಂತ್ತೋ..." ಮಾತು ಮುಗಿಸುವ ಬದಲು ಹೆಗಲ ಮೇಲಿನ ಟವೆಲ್ ತೆಗೆದು ಧೂಳು ಝಾಡಿಸಿದಂತೆ ಒಮ್ಮೆ ಝಾಡಿಸಿದರು. ಸಂಗನಬಸವನಿಗೆ ತಾನೇ ಆ ಧೂಳೆಂದು ಅರ್ಥವಾಯಿತು.

ಹತ್ತೂ ಇಪ್ಪತ್ತಕ್ಕೆ ಬುಕಿಂಗ್ ಕಿಟಕಿಯಲ್ಲಿ ಕೂತಿದ್ದ ಭಾಗ್ಯಶ್ರೀ ಕೂಗಿದಳು. ಅವಳ ದನಿಗೆ ಮೈಕು ಬೇಡ; ಅವಳು ಸಿಂಧನೂರಿನಲ್ಲಿ ಚೀಟಿ ಓದಿದರೆ ಜವಳಗೇರಾದ ಲಾರಿ ತಾನೇ ಹೊರಡಬೇಕು.

"ಸಂಗಣ್ಣಾ! ಯಾರನ್ನೋ ಕೆಲಸದಿಂದ ಬಿಡಿಸ್ಯಾರ ನೋಡೋ ಇಲ್ಲಿ!"

ಮೂರೂ ಊರಿನ ಪರದೆಗಳ ಮೇಲೆ, ಸಂಗನಬಸವ ತಾನೇ ಕನ್ನಡದಲ್ಲಿ ಬರೆದಿಟ್ಟಿದ್ದ ಸಂದೇಶ ಮೂಡಿತ್ತು. ‘ನಾಲ್ಕನೇ ಪ್ರೊಸೆಸರ್ ಕೆಡುತ್ತಿದೆ. ಅದನ್ನು ಕೆಲಸದಿಂದ ಬಿಡಿಸಲಾಗಿದೆ. ಉಳಿದವು ಮುಂದುವರಿಯುತ್ತವೆ.’

ಯಂತ್ರ ನಿಂತಿರಲಿಲ್ಲ. ಚೀಟಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಸಂಗನಬಸವನ ಎದೆ ಬಿಸಿ ಪೂರಿಯಂತೆ ಉಬ್ಬಿತು. ಆ ಉಬ್ಬಿನಲ್ಲಿ, ಕೂಗು ಕೇಳಿ ಬಂದ ಬಸವಂತರಾಯರ ಮುಂದೆ ಅವನು ಆಡಬಾರದ ಒಂದು ಮಾತನ್ನು ಆಡಿಬಿಟ್ಟ. "ಸಾಹುಕಾರ್ರ, ಈ ಯಂತ್ರ ಕೆಟ್ಟದ್ದನ್ನಷ್ಟ ತೆಗೀತೈತಿ. ಲೆಕ್ಕ ತಪ್ಪಂಗಿಲ್ಲ."

ಬಸವಂತರಾಯರಿಗೆ ಇಷ್ಟು ಸಾಕಾಯಿತು. ಕೆಲಸಗಳ್ಳರನ್ನು ತಾನೇ ಹುಡುಕಿ ಓಡಿಸುವ ಯಂತ್ರ ತಮ್ಮ ಸಂಘದಲ್ಲಿದೆ ಎಂದು ಬಂದವರಿಗೆಲ್ಲ ಹೇಳಿದರು. ಕೇಳಿದವರನ್ನೆಲ್ಲ ಕರೆದುಕೊಂಡು ಬಂದು ತೋರಿಸಿದರು. ಮೇ ತಿಂಗಳು. ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಇಡೀ ಸಂಘದಲ್ಲಿ ಎ.ಸಿ. ಇದ್ದದ್ದು ಆ ಯಂತ್ರದ ಕೋಣೆಗೊಂದಕ್ಕೇ. ನೋಡಲು ಬಂದವರು ನೋಡಿದರು, ‘ಭಾರೀ ಐತಿ’ ಎಂದರು, ಆಮೇಲೆ ಹೊರಗೆ ಹೋಗುವುದನ್ನು ಮರೆತರು. ಒಬ್ಬ ಗೋಡೆಗೊರಗಿದ, ಇನ್ನೊಬ್ಬ ಚಪ್ಪಲಿ ತಲೆದಿಂಬು ಮಾಡಿಕೊಂಡ. ಕಮಿಟಿ ಸದಸ್ಯ ನರಸಣ್ಣನೂ ಬಂದ. ಜವಳಗೇರಾದಲ್ಲಿ ಅಕ್ಕಿ ಮಿಲ್ಲು, ಮೇಲೆ ಆರು ಲಾರಿಗಳಿದ್ದ ಮನುಷ್ಯ. ಮೂಲೆಯ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಮಾತು ಕಡಿಮೆ, ಚಹಾ ಜಾಸ್ತಿ.

"ಎಲ್ಲಾರೂ ಒಂದೀಟು ಹೊರಗ ಹೋಗ್ರಪಾ. ಮಂದಿ ಹೆಚ್ಚಾದ್ರ ಕೋಣೆ ಕಾಯ್ತೈತಿ, ಕಾದ್ರ ಯಂತ್ರ ತಪ್ಪು ಮಾಡ್ತೈತಿ," ಎಂದು ಸಂಗನಬಸವ ಕೈ ಮುಗಿದ.

"ನಾವೇನು ಒಲೀ ಹಚ್ಚೀವೇನು?" ಎಂದ ಗೋಡೆಗೊರಗಿದವ, ಕಣ್ಣು ಮುಚ್ಚಿಕೊಂಡೇ.

ಹನ್ನೆರಡು ಹೊಡೆಯುವ ಹೊತ್ತಿಗೆ ಮೂರನೇ ಪ್ರೊಸೆಸರ್ ಕೂಡ ಕೆಲಸ ಕಳೆದುಕೊಂಡಿತು.

ಈ ಸಲ ಸಂಗನಬಸವ ಉಬ್ಬಲಿಲ್ಲ. ನಾಲ್ಕರಲ್ಲಿ ಒಂದು ಕೆಟ್ಟರೆ ವಯಸ್ಸಾಯಿತೆನ್ನಬಹುದು, ಎರಡು ಕೆಟ್ಟರೆ? ಆ ಮೂರು ಎಂಬ ಸಂಖ್ಯೆಯನ್ನು ಅಳಿಸಿ ಇಪ್ಪತ್ನಾಲ್ಕು ಮಾಡೋಣವೆಂದು ಪುಸ್ತಕ ತೆಗೆದ. ಹೊಸ ಸಂಖ್ಯೆ ಹಿಡಿಯಬೇಕಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು ಎಂದು ಪುಸ್ತಕ ಹೇಳಿತು. ಅವನು ಪುಸ್ತಕವನ್ನು ಮೆಲ್ಲನೆ ಮುಚ್ಚಿದ.

"ಹೆದರಬ್ಯಾಡ ಸಂಗಣ್ಣ," ಎಂದಳು ಭಾಗ್ಯಶ್ರೀ. "ನಾ ಆಗಲೇ ರಿಪೇರಿ ವಿರೇಶಗ ಫೋನ್ ಹಚ್ಚೀನಿ."

"ನಿನಗ್ಯಾರು ಹಚ್ಚಂದ್ರು ಬೇ? ಅವ ಬಂದ್ರ ಮೊದಲು ಮಾಡೋ ಕೆಲಸನ ಯಂತ್ರ ಬಂದ್ ಮಾಡೋದು!"

"ಉಪಕಾರ ಮಾಡಿದವ್ರಿಗೆ ಹಿಂಗ ಅಂತೀಯಲ್ಲ. ಅವ ಇಲ್ಲೇ ಅದಾನಂತ, ನರಸಣ್ಣಾರ ಮಿಲ್ಲಿನ್ಯಾಗ. ಅಲ್ಲೀ ಯಂತ್ರ ಮಲಗೇತಂತ. ನಾಕಕ್ಕ ಬರ್ತೀನಿ ಅಂದಾನ."

ಮೂಲೆಯಲ್ಲಿ ನರಸಣ್ಣ ಚಹಾ ಗುಟುಕರಿಸುತ್ತ ತಲೆಯಾಡಿಸಿದ.

ಅಷ್ಟರಲ್ಲಿ ಫೋನು ಬಂತು. ಹೆಂಡತಿ ಅಂಬಿಕಾ. ಸಂಗನಬಸವ ಹೊರಗೆ ಬೇವಿನ ಗಿಡದ ನೆರಳಿಗೆ ಹೋದ.

"ಏನಾತ್ರಿ?"

"ಐದಕ್ಕ ಕಮಿಟಿ. ಇನ್ನೂ ಏನೂ ಆಗಿಲ್ಲ."

"ನಮ್ಮವ್ವ ಶುಕ್ರವಾರ ಬರಾಕತ್ತಾಳ. ಈ ಸಲ ಕೇಳಿದ್ರ ನಾ ಏನೂ ಹೇಳಂಗಿಲ್ಲ, ನೀವ ಹೇಳ್ರಿ. ಅಕ್ಕಪಕ್ಕದೋರಿಗೆ ಸಕ್ರಿ ಹಂಚ್ತೀನಿ ಅಂತ ಬ್ಯಾರೆ ಹೇಳಿಬಿಟ್ಟೀನಿ."

"ಆಗೋಕಿಂತ ಮೊದಲ ಯಾಕ ಹೇಳ್ದಿ?"

"ಏಳು ವರ್ಷ ಕಾಯ್ದೀನ್ರಿ. ಒಂದು ದಿನ ಮೊದಲ ಹೇಳಬಾರದೇನು?"

ಅವಳಿಗೆ ಸಮಾಧಾನ ಹೇಳಿ ಒಳಗೆ ಬರುವುದರಲ್ಲಿ ಕೋಣೆಯಲ್ಲಿ ಇನ್ನೊಂದು ಉಪಕಾರ ನಡೆದುಹೋಗಿತ್ತು. ಬುಡ್ಡೇಸಾಬ್ ಸಂಘದ ಕಾವಲುಗಾರ. ಅದಕ್ಕೆ ಮೊದಲು ಮೂವತ್ತು ವರ್ಷ ಲಾರಿ ಓಡಿಸಿದವನು. ಇಂಜಿನ್ನು ಕಾದರೆ ಏನು ಮಾಡಬೇಕೆಂದು ಅವನಿಗೆ ಯಾವ ಪುಸ್ತಕವೂ ಹೇಳಬೇಕಿರಲಿಲ್ಲ. ಇಬ್ಬರು ಚಾಲಕರನ್ನು ಜೊತೆಗಿಟ್ಟುಕೊಂಡು ತೊಟ್ಟಿಯಲ್ಲಿ ನೆನೆಸಿದ ಆರು ಗೋಣಿಚೀಲಗಳನ್ನು ಚೆನ್ನಾಗಿ ಹಿಂಡಿ, ಯಂತ್ರದ ನೆತ್ತಿಯಿಂದ ಪಾದದವರೆಗೆ ಹೊದಿಸಿದ್ದ. ಗಾಳಿ ಒಳಗೆ ಹೋಗುವ ಜಾಲರಿ ಪೂರ್ತಿ ಮುಚ್ಚಿತ್ತು. ಸರ್ವರು ಈಗಷ್ಟೇ ಕಾಲುವೆಯಿಂದ ಎದ್ದು ಬಂದ ಎಮ್ಮೆಯಂತೆ ನಿಂತು ಏದುಸಿರು ಬಿಡುತ್ತಿತ್ತು.

"ಬುಡ್ಡೇಸಾಬಣ್ಣಾ! ಏನ್ ಮಾಡೀದಿ ಇದು!"

"ಅರೇ, ಫಿಕರ್ ಮಾಡಬ್ಯಾಡ ಬೇಟಾ. ಎಂಥೆಂಥಾ ಇಂಜಿನ್ ಥಂಡ ಮಾಡೀನಿ. ಇನ್ನ ತಾಸಿಗೊಮ್ಮೆ ನೀರು ಚಿಮುಕಿಸಿದ್ರ ಸಾಕು."

ಸಂಗನಬಸವ ಚೀಲಗಳನ್ನು ಕಿತ್ತೆಸೆದ. ಒಂದು ಹೋಗಿ ಗೋಡೆಗೊರಗಿ ಮಲಗಿದ್ದವನ ಮೇಲೆ ಬಿತ್ತು. ಅವನು ಮಳೆ ಬಂತೆಂದು ಎದ್ದು ಕೂತ. ಆದರೆ ಹೊತ್ತು ಮೀರಿತ್ತು. ಭಾಗ್ಯಶ್ರೀಯ ದನಿ ಬಂದೇ ಬಂತು. "ಎರಡನೇದೂ ಹೋತೋ ಸಂಗಣ್ಣಾ! ಇನ್ನ ಒಂದ ಉಳೀತು!"

ಎರಡು ಗಂಟೆಯ ಸುಮಾರಿಗೆ ನಾಲ್ಕು ಇಂಜಿನ್ನಿನ ಯಂತ್ರ ಒಂದೇ ಇಂಜಿನ್ನಿನ ಮೇಲೆ ನಡೆಯತೊಡಗಿತು. ಕೀಬೋರ್ಡ್ ಒತ್ತಿ, ಹೊರಗೆ ಹೋಗಿ ನೀರು ಕುಡಿದು, ಬಂದು ನೋಡಿದರೆ ಪಾಳಿ ಚೀಟಿ ಅರ್ಧ ಬಂದಿರುತ್ತಿತ್ತು. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದವು. ಹಾರ್ನುಗಳು ಶುರುವಾದವು. ಒಬ್ಬ ಚಾಲಕ ಕಿಟಕಿಯಲ್ಲಿ ತಲೆ ತೂರಿಸಿ, "ಏನ್ರೀ ಅಕ್ಕಾರ, ನನ್ನ ಪಾಳಿ ನನ್ನ ಮಗನ ಕಾಲಕ್ಕಾದ್ರೂ ಬರ್ತೈತೇನು?" ಎಂದ. "ನಿನಗ ಲಗ್ನ ಆದಮ್ಯಾಲೆ ಕೇಳು," ಎಂದಳು ಭಾಗ್ಯಶ್ರೀ, ಚೀಟಿಯಿಂದ ಕಣ್ಣೆತ್ತದೆ.

ಸಂಗನಬಸವನಿಗೆ ಅವತ್ತು ಮೊದಲ ಸಲ ಸಿಟ್ಟು ಬಂತು. ಮಲಗಿದ್ದವರ ಚಪ್ಪಲಿ, ತಂಬಿಗೆ, ಮಂಡಕ್ಕಿ ಪೊಟ್ಟಣ ಎಲ್ಲ ಹೊರಗೆ ಎಸೆದ; ಅವುಗಳ ಹಿಂದೆ ಅವರೂ ಹೋದರು. ನರಸಣ್ಣನಿಗೆ ಮಾತ್ರ ‘ಏಳ್ರಿ’ ಎನ್ನಲು ಧೈರ್ಯ ಸಾಲಲಿಲ್ಲ. ಕಮಿಟಿ ಸದಸ್ಯ. ಸಂಜೆ ಕೈ ಎತ್ತಬೇಕಾದವನು.

ಅಷ್ಟರಲ್ಲಿ ಲಿಂಗಸುಗೂರಿನಿಂದ ಜ್ಯೋತಿಯ ಫೋನು. ಅಲ್ಲಿನ ಆಪರೇಟರ್ ಅವಳು. ಅವಳೂ ಹಂಗಾಮಿ. ಎರಡೂ ಕೈ ಕೀಬೋರ್ಡಿನ ಮೇಲೆ ಬೇಕಿದ್ದುದರಿಂದ ಸಂಗನಬಸವ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ.

"ಅಣ್ಣಾರ, ಯಂತ್ರ ಭಾಳ ಮೆಲ್ಲಗಾಗೇತಲ್ಲ. ಮೂರೂ ಕಡಿಯಿಂದ ಒಮ್ಮೆಲೇ ಹಾಕಿದ್ರ ಸತ್ತ ಹೋಗ್ತೈತಿ ಅದು."

"ಏನ್ ಮಾಡ್ಲಿ ತಂಗಿ, ನಿಲ್ಲಿಸೋಕೂ ಬರಂಗಿಲ್ಲ. ಐದರತನಕ ನಡೀಬೇಕು. ಇಲ್ಲಂದ್ರ ನಾ ಮನೀಗೆ."

"ನೀವು ಸುಮ್ನ ಕುಂದರ್ರಿ. ನಾ ಆಗಲೇ ಇಲ್ಲಿ ಚೀಟಿ ಕೈಲೆ ಬರದು ಕೊಡಾಕತ್ತೀನಿ. ಹತ್ತು ಕೂಡಿದ ಮ್ಯಾಲೆ ಒಮ್ಮೆ ಯಂತ್ರಕ್ಕ ಹಾಕ್ತೀನಿ. ಮಸ್ಕಿ ದುರುಗಪ್ಪಗೂ ಹೇಳೀನಿ. ನಾ ಹಾಕೋ ಮುಂದ ಅವ ಕೈ ತೆಗೀತಾನ, ಅವ ಹಾಕೋ ಮುಂದ ನಾ. ನಡುವ ನಿಮ್ಮದು."

ಮಸ್ಕಿಯ ಆಪರೇಟರ್ ದುರುಗಪ್ಪನೂ ಅದೇ ಫೋನಿಗೆ ಸೇರಿಕೊಂಡ. ಅವನ ಹಿಂದೆ ಯಾರೋ ಗಹಗಹಿಸಿ ನಗುವುದು ಕೇಳಿಸುತ್ತಿತ್ತು. "ಸಂಗಣ್ಣ, ಇಲ್ಲಿ ಲಾರಿಗೋಳ್ನ ಪಾಳಿ ಪ್ರಕಾರ ಒಂದರ ಹಿಂದೊಂದು ನಿಲ್ಲಿಸಿ, ಗಾಜಿನ ಮ್ಯಾಲೆ ಸುಣ್ಣದಿಂದ ನಂಬರ್ ಬರದುಬಿಟ್ಟೀನಿ. ಯಂತ್ರ ಸತ್ರೂ ಪಾಳಿ ಸಾಯಂಗಿಲ್ಲ. ಮಂದಿಗೆ ಮಿರ್ಚಿ ಬಜ್ಜಿ ತರಿಸಿಕೊಟ್ಟೀನಿ, ಬಾಯಿ ಖಾರ ಆಗೇತಿ, ಬೈಯಾಕ ಆಗವಲ್ದು."

ಹಾಗೆಯೇ ನಡೆಯಿತು. ಸಿಂಧನೂರಿನಲ್ಲಿ ಸಂಗನಬಸವ ಕಾದು ಕೂರುವುದು, ಜ್ಯೋತಿ ‘ಈಗ ನೀವು’ ಎಂದಾಗ ಹಾಕುವುದು. ಅರ್ಧ ತಾಸಿನಲ್ಲಿ ಮೂರೂ ಊರಿನಲ್ಲಿ ಹಾರ್ನು ನಿಂತವು. ಒಂದನೇ ಪ್ರೊಸೆಸರ್ ಮುಲುಗುತ್ತ, ತಿಣುಕುತ್ತ, ಬಾಣಂತಿಯಂತೆ ಹೆಜ್ಜೆ ಇಡುತ್ತ ನಡೆದೇ ನಡೆಯಿತು.

ಮೂಲೆಯ ಸ್ಟೂಲಿನಿಂದ ನರಸಣ್ಣ ಮುಂಜಾನೆಯಿಂದ ಮೊದಲ ಸಲ ಬಾಯಿ ಬಿಟ್ಟ. "ಯಾರಪಾ ಇವ್ರಿಬ್ರು?"

"ಲಿಂಗಸುಗೂರು ಜ್ಯೋತಿ, ಮಸ್ಕಿ ದುರುಗಪ್ಪರೀ. ನನ್ನಂಗ ಹಂಗಾಮಿ."

"ಹೂಂ," ಎಂದ ನರಸಣ್ಣ. ಲೋಟ ಕೆಳಗಿಟ್ಟು, ಧೋತರದ ಚುಂಗು ಹಿಡಿದುಕೊಂಡು, ಫೋನನ್ನು ಕಿವಿಗೆ ಹಚ್ಚುತ್ತ ಹೊರಗೆ ಹೋದ.

ನಾಲ್ಕೂ ಕಾಲಿಗೆ ವಿರೇಶ ಬಂದ. ಬೈಕಿನ ಹಿಂದೆ ಕಟ್ಟಿದ್ದ ಚೀಲ ಬಿಚ್ಚಿ, ಏನನ್ನೋ ಜೋಡಿಸಿ, ಪರದೆಯ ಮೇಲೆ ಸಾಲುಸಾಲಾಗಿ ಅಂಕಿ ಓಡಿಸಿ, ಹತ್ತು ನಿಮಿಷ ಸುಮ್ಮನೆ ನೋಡಿದ. ಆಮೇಲೆ ನಗತೊಡಗಿದ.

"ಯಾಕೋ?"

"ಸಂಗಣ್ಣ, ತೆಗೆದು ಹಾಕೇತಲ್ಲ ಮೂರು, ಅವು ಬಂಗಾರದಂಥಾವು. ಒಂದಕ್ಕೂ ಏನೂ ಆಗಿಲ್ಲ."

"ಹಂಗಾರ ತಪ್ಪು ಮಾಡಿದ್ದು ಯಾವ್ದು?"

"ಈ ಉಳಿದೈತಲ್ಲ, ಒಂದನೇದು. ಅದ ಕೆಟ್ಟೈತಿ. ಎಣಿಸೋ ಕೆಲಸ ಅದರದ ಅಲ್ಲ? ತಾ ತಪ್ಪು ಮಾಡೋದು, ಬ್ಯಾರೇದರ ಹೆಸರಿಗೆ ಬರಿಯೋದು. ಮೂರು ಆತು ಅಂದಕೂಡ್ಲೇ ಅವನ್ನ ಹೊರಗ ಹಾಕೋದು. ತನ್ನ ತೆಗಿಯೋಕ ಕಾನೂನಿನ್ಯಾಗ ಜಾಗ ಇಲ್ಲ. ಇಪ್ಪತ್ನಾಕು ಅಂತ ಇಟ್ಟಿದ್ರ ಇಷ್ಟು ಜಲ್ದಿ ಆಗ್ತಿದ್ದಿಲ್ಲ. ಮೂರು ಅಂತ ಯಾವ ಶಾಣ್ಯಾ ಹಾಕಿದ?"

ಸಂಗನಬಸವ ಅಧ್ಯಕ್ಷರ ಕೋಣೆಯ ಕಡೆ ನೋಡಿದ.

"ಹತ್ತು ನಿಮಿಷ ಬಂದ್ ಮಾಡೂಣು. ಇದನ್ನ ಕಿತ್ತು, ಎರಡನೇದನ್ನ ಇದರ ಜಾಗಾದಾಗ ಕುಂದರಿಸೂಣು. ಮೂರರ ಮ್ಯಾಲೆ ಕುದುರಿ ಹಂಗ ಓಡ್ತೈತಿ."

ಗಡಿಯಾರದಲ್ಲಿ ನಾಲ್ಕೂ ಮೂವತ್ತೈದು. ಸಂಗನಬಸವ ವಿರೇಶನ ಎರಡೂ ಕೈ ಹಿಡಿದುಕೊಂಡ. "ಐದರತನಕ ಮುಟ್ಟಬ್ಯಾಡೋ. ನಿನ್ನ ಕಾಲಿಗೆ ಬೀಳ್ತೀನಿ. ಕಮಿಟಿ ಮುಗೀಲಿ, ಆಮ್ಯಾಲೆ ಬೇಕಾದ್ರ ಯಂತ್ರಾನ ಉಪ್ಪಿನಕಾಯಿ ಹಾಕು."

"ನಿನ್ನ ಖುಷಿ," ಎಂದು ವಿರೇಶ ಹೊರಗೆ ಹೋದ. ಬೇವಿನ ಗಿಡದ ಕೆಳಗೆ ನರಸಣ್ಣ ಅವನಿಗಾಗಿ ಎರಡು ಚಹಾ ಹೇಳಿಯೇ ಕೂತಿದ್ದ.

ಐದಕ್ಕೆ ಕಮಿಟಿ ಕೂತಿತು. ಯಂತ್ರ ಇನ್ನೂ ನಡೆಯುತ್ತಿತ್ತು. ಏಳು ಜನ ಸದಸ್ಯರು, ಏಳು ಚಹಾ, ಒಂದು ಠರಾವು ಪುಸ್ತಕ. ಸಂಗನಬಸವ ಬಾಗಿಲ ಬಳಿ ಅಂಗಿಯ ಗುಂಡಿ ಹಾಕಿಕೊಂಡು ನಿಂತಿದ್ದ. ಬಸವಂತರಾಯರು ಮುಂಜಾನೆಯ ಕತೆಯನ್ನು ಮದುವೆ ಮಾತುಕತೆಯಂತೆ ಬಣ್ಣಿಸಿ ಹೇಳಿದರು. ಎಲ್ಲರೂ ಕೈ ಎತ್ತಿದರು. ನರಸಣ್ಣ ಎರಡೂ ಕೈ ಎತ್ತಿದ. ‘ಶ್ರೀ ಸಂಗನಬಸವ ಇವರನ್ನು ಇಂದಿನಿಂದ ಕಾಯಂ ಮಾಡಲಾಗಿದೆ’ ಎಂದು ಭಾಗ್ಯಶ್ರೀ ದುಂಡಗೆ ಬರೆದಳು. ಏಳು ಸಹಿ ಬಿದ್ದವು. ಶಾಯಿ ಒಣಗುವವರೆಗೆ ಸಂಗನಬಸವ ಉಸಿರು ಬಿಡಲಿಲ್ಲ. ಏಳು ವರ್ಷ ಹೊತ್ತ ಚೀಲ ಇಳಿದಂತಾಗಿ ಅವನ ಕಣ್ಣು ತುಂಬಿದವು.

"ಸಾಹುಕಾರ್ರ, ಎರಡ್ನೇ ವಿಷಯ ಒಂದೈತಿ," ಎಂದ ನರಸಣ್ಣ. "ಇವತ್ತು ಆ ಯಂತ್ರ ನಮಗ ಪಾಠ ಕಲಿಸೇತಿ. ನಾಕು ಮಾಡೋ ಕೆಲಸ ಒಂದ ಮಾಡಿ ತೋರಿಸ್ತು. ಹೌದೋ ಅಲ್ಲೋ?"

"ಹೌದು."

"ಹಂಗಾದ್ರ ಮೂರು ಊರಾಗ ಮೂರು ಮಂದಿ ಆಪರೇಟರ್ ಯಾಕ್ರಿ? ಖಬರ್ ಇರೋ ಕಾಯಂ ಮನುಷ್ಯ ಒಬ್ಬ ಸಿಕ್ಕಾನ. ಸಂಗಣ್ಣ ಮುಂಜಾನಿ ಲಿಂಗಸುಗೂರು, ಮಧ್ಯಾಹ್ನ ಮಸ್ಕಿ, ಸಂಜೀಕ ಸಿಂಧನೂರು. ದಾರಿ ಒಂದ, ಬಸ್ಸು ಬೇಕಾದಷ್ಟು. ಆ ಹಂಗಾಮಿ ಇಬ್ಬರನ್ನ ಬಿಡಿಸಿಬಿಡ್ರಿ."

ಸದಸ್ಯರು ತಲೆದೂಗಿದರು. ಸಂಗನಬಸವ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದ. ಮಧ್ಯಾಹ್ನ ತನ್ನನ್ನು ಉಳಿಸಿದ ಇಬ್ಬರು. ಸುಮ್ಮನಿದ್ದರೆ ಅವರ ಅನ್ನ ಹೋಗುತ್ತದೆ. ಬಾಯಿ ಬಿಟ್ಟರೆ ತನ್ನದು. ಆದರೂ ತಡೆಯಲಾಗಲಿಲ್ಲ.

"ಸಾಹುಕಾರ್ರ, ಹಂಗಲ್ರಿ! ಯಂತ್ರ ತೆಗೆದ ಆ ಮೂರೂ ಚಲೋ ಅದಾವು. ಉಳಿದಿರೋ ಒಂದ ಕೆಟ್ಟೈತಿ. ಒಂದ ನಾಕರ ಕೆಲಸ ಮಾಡಿಲ್ರಿ. ಜ್ಯೋತಿ, ದುರುಗಪ್ಪ ಹಿಂದಿಂದ ದಬ್ಬಿದ್ದಕ್ಕ ನಡದೈತಿ!"

ಸದಸ್ಯರೆಲ್ಲ ಬಸವಂತರಾಯರ ಕಡೆ ತಿರುಗಿದರು.

"ಮುಂಜಾನೆ ನೀನ ಹೇಳಿದೆಲ್ಲೋ," ಎಂದರು ಬಸವಂತರಾಯರು, "ಕೆಟ್ಟದ್ದನ್ನಷ್ಟ ತೆಗೀತೈತಿ, ಲೆಕ್ಕ ತಪ್ಪಂಗಿಲ್ಲ ಅಂತ?"

"ಹೇಳಿದ್ನಿರಿ. ಆದ್ರ ಆ ಮೂರು ಅನ್ನೋ ಲೆಕ್ಕ ಭಾಳ ಬಿಗಿ ಆಗಿ..."

"ಮೂರು ಅಂತ ಹಾಕಿದವ್ರು ಯಾರಪಾ?" ಎಂದ ಒಬ್ಬ ಸದಸ್ಯ.

ಸಂಗನಬಸವ ಬಸವಂತರಾಯರನ್ನು ನೋಡಿದ. ಬಸವಂತರಾಯರು ಫ್ಯಾನನ್ನು ನೋಡಿದರು. ಅದರ ರೆಕ್ಕೆಗಳನ್ನು ಎಣಿಸಿ ಮುಗಿಸಿದ ಮೇಲೆ ಹೇಳಿದರು. "ಯಂತ್ರದ ಒಳಗಿನ ಮಾತು ನಮಗ್ಯಾಕ? ಎರಡನೇ ಠರಾವು ಬರಿಯವ್ವ ತಂಗಿ."

"ಅಂದಹಂಗ ಆ ಕೆಟ್ಟ ಮೂರು ಸಾಮಾನು," ಎಂದ ನರಸಣ್ಣ ಮೃದುವಾಗಿ. "ಸಂಘದಾಗ ಯಾಕ ಅಡ್ಡಡ್ಡ? ನನ್ನ ಗೋದಾಮಿನ್ಯಾಗ ಜಾಗ ಐತಿ, ಒಯ್ದು ಒಂದು ಮೂಲ್ಯಾಗ ಇಡ್ತೀನಿ."

"ದೊಡ್ಡ ಮನಸ್ಸು ನಿಮ್ಮದು," ಎಂದರು ಬಸವಂತರಾಯರು, ಮಾತು ಬೇರೆ ಕಡೆ ಹೊರಳಿದ್ದಕ್ಕೆ ಹಣೆ ಒರೆಸಿಕೊಳ್ಳುತ್ತ.

ಆರು ಗಂಟೆಗೆ ಯಂತ್ರ ಹತ್ತು ನಿಮಿಷ ನಿಂತಿತು. ಈಗ ನಿಂತರೆ ಕೇಳುವವರು ಯಾರೂ ಇರಲಿಲ್ಲ. ವಿರೇಶ ಮೂರು ಪ್ರೊಸೆಸರುಗಳನ್ನು ಬಿಚ್ಚಿ, ಹೊಸ ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿ, ನರಸಣ್ಣನ ಜೀಪಿನ ಮುಂದಿನ ಸೀಟಿನಲ್ಲಿಟ್ಟ.

"ಗೋದಾಮಿಗೆ ಹೋಗೋ ಸಾಮಾನಿಗೆ ಹೊಸ ಟವೆಲ್ ಯಾಕೋ?" ಎಂದ ಸಂಗನಬಸವ.

"ಯಾವ ಗೋದಾಮು ಅಣ್ಣ? ಮಿಲ್ಲಿನ್ಯಾಗ ಇಂಥಾದ್ದ ಇನ್ನೊಂದು ಯಂತ್ರ ಐತಿ, ಅದರಾಗ ನೆಟ್ಟಗಿರೋ ಇಂಜಿನ್ ಒಂದ. ಹದಿನೈದು ದಿನದಿಂದ ಇವನ್ನ ಹುಡುಕಾಕತ್ತಿದ್ವಿ. ಎಲ್ಲೂ ಸಿಗವಲ್ದಾಗಿದ್ದವು." ವಿರೇಶ ಬೈಕಿಗೆ ಕಿಕ್ ಹೊಡೆದ. "ನಿಂದು ಆ ಒಂದನೇದು ಕುಂಟತಾ ನಡೀತೈತಿ, ತಾಸಿಗೊಮ್ಮೆ ನೋಡ್ಕೋತಿರು."

ಜೀಪು ಹೋಯಿತು. ಸಂಗನಬಸವ ಧೂಳಿನಲ್ಲಿ ನಿಂತು ಜ್ಯೋತಿಗೆ ಫೋನು ಹಚ್ಚಿದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ತಂಗಿ, ನನ್ನ ಬೈಬ್ಯಾಡವ. ನಾ ಹೇಳಿದೆ, ಅವ್ರು ಕೇಳಲಿಲ್ಲ. ನಿನ್ನೂ ದುರುಗಪ್ಪನ್ನೂ..."

"ಗೊತ್ತಾತ್ರಿ ಅಣ್ಣಾರ. ನೀವ್ಯಾಕ ಅಳ್ತೀರಿ? ನರಸಣ್ಣಾರು ಮೂರು ಗಂಟೇಕ ನಮಗಿಬ್ರಿಗೂ ಫೋನ್ ಮಾಡಿದ್ರಲ್ಲ. ‘ನಿಮ್ಮಂಥಾ ಶಾಣ್ಯಾರು ಬೇಕು, ನಾಳಿಂದ ಮಿಲ್ಲಿಗೆ ಬರ್ರಿ, ಸಂಘದ್ದು ನಾ ನೋಡ್ಕೋತೀನಿ’ ಅಂದ್ರು. ಬಂದ ದಿನದಿಂದ್ಲ ಕಾಯಂ ಅಂತ. ಅಲ್ಲೂ ಥಂಡ ಕೋಣೆ ಐತಂತ್ರಿ."

"ಮೂರು ಗಂಟೇಕ?" ಎಂದ ಸಂಗನಬಸವ.

"ಹೂಂನ್ರಿ. ನಿಮ್ಮನ್ನೂ ಕರೀರಿ ಅಂದೆ. ‘ಅವ ಕಾಯಂ ಆಗ್ತಾನ, ಪಾಪ, ಅವನ್ಯಾಕ ಕೆಡಿಸೋದು’ ಅಂದ್ರು."

ಕಚೇರಿಯ ಕಿಟಕಿಯಿಂದ ಬಸವಂತರಾಯರು ಕೂಗಿದರು. "ಲೇ ಸಂಗನಬಸವ! ನಾಳೆ ಲಿಂಗಸುಗೂರಿಗೆ ಮೊದಲ್ನೇ ಬಸ್ಸು ಮುಂಜಾನಿ ಆರಕ್ಕ ಐತಿ. ಬೀಗದಕೈ ತಗೊಂಡು ಹೋಗು. ಮತ್ತ, ಬಿಟ್ಟು ಹೋಗೋ ಗೀಗೋ ಇಚಾರ ಇಟ್ಕೋಬ್ಯಾಡ. ಏಳು ಮಂದಿ ಸಹಿ ಹಾಕೀವಿ."

ಭಾಗ್ಯಶ್ರೀ ಹೊಸ ಕಾರ್ಡು ತಂದು ಕೊಟ್ಟಳು. ಅದರಲ್ಲಿ ‘ಕಾಯಂ’ ಎಂದಿತ್ತು, ಕೆಳಗೆ ಮೂರು ಊರಿನ ಹೆಸರು. ಅಷ್ಟೂ ಊರು ಹಿಡಿಸಲೆಂದು ಅವನ ಹೆಸರನ್ನು ಮೊದಲಿಗಿಂತ ಸಣ್ಣದು ಮಾಡಲಾಗಿತ್ತು.

ಅಂಬಿಕಾಳ ಫೋನು ಬಂತು. ಹಿಂದೆ ಅಕ್ಕಪಕ್ಕದ ಹೆಂಗಸರ ಗದ್ದಲ ಕೇಳಿಸುತ್ತಿತ್ತು.

"ಆತೇನ್ರಿ?"

"ಆತು."

"ಪಕ್ಕಾ ಕಾಯಂ?"

ಸಂಗನಬಸವ ಬುಕಿಂಗ್ ಕಿಟಕಿಯೊಳಗೆ ನೋಡಿದ. ಕೋಣೆಯಲ್ಲಿ ಯಂತ್ರ ತಿಣುಕುತ್ತ ಎದ್ದು, ಪರದೆಯ ಮೇಲೆ ಒಂದು ಸಾಲು ಬರೆದುಕೊಂಡು ಕೂತಿತ್ತು. ‘ಒಂದೇ ಪ್ರೊಸೆಸರ್ ಇದೆ. ಅದನ್ನು ತೆಗೆಯಲು ಬರುವುದಿಲ್ಲ.’

"ಪಕ್ಕಾ," ಎಂದ. "ಇನ್ನ ನನ್ನ ಯಾರೂ ತೆಗಿಯಂಗಿಲ್ಲ."

ಅವನ ದನಿ ಒಡೆದದ್ದು ಕೇಳಿ ಅಂಬಿಕಾ, ಸಂತೋಷ ಹೆಚ್ಚಾಗಿದೆಯೆಂದುಕೊಂಡು, ಸಕ್ಕರೆಯ ಡಬ್ಬಿಯ ಮುಚ್ಚಳ ತೆಗೆದಳು.